ಅಜ್ಜ ಬಸ್ಸಿನ್ಯಾಗ ಎಲ್ಲಿ ಕುಂತಿದ್ದ? ಅಸ್ಪೃಶ್ಯತೆಯ ಕಾಲದ ಪ್ರಯಾಣವನ್ನು ಮನೆಯ ಹಿರಿಯರಿಂದ ಕೇಳಿ ಬರೆದಿಡುವ ಬಗೆ

1955ರ ಸುಮಾರಿಗೆ ಅಮೆರಿಕದ ಮಾಂಟ್ಗೊಮರಿ ಊರಿನ ಬಸ್ಸಿನಲ್ಲಿ 36 ಸೀಟು ಇದ್ದವು. ಮುಂದಿನ 10 ಬಿಳಿಯರಿಗೆ, ಹಿಂದಿನ 10 ಕಪ್ಪು ಜನರಿಗೆ, ನಡುವಿನ 16 ಡ್ರೈವರ್ ಹೇಳಿದಂತೆ. ಕಪ್ಪು ಜನರು ಮುಂದಿನ ಬಾಗಿಲಲ್ಲಿ ಹತ್ತಿ ದುಡ್ಡು ಕೊಟ್ಟು, ಕೆಳಗಿಳಿದು, ಹಿಂದಿನ ಬಾಗಿಲ ತನಕ ನಡೆದು ಮತ್ತೆ ಹತ್ತಬೇಕಿತ್ತು. ಅಷ್ಟರೊಳಗೆ ಡ್ರೈವರ್ ಬಸ್ ಬಿಟ್ಟುಕೊಂಡು ಹೋಗುವುದೂ ಇತ್ತು. ಅಲ್ಲಿ ಅದು ಬರೆದಿಟ್ಟ ಕಾನೂನು. ಬೋರ್ಡು ಇತ್ತು, ಪೊಲೀಸ್ ಕೇಸು ಇತ್ತು, ಕೋರ್ಟಿನ ಕಾಗದ ಇತ್ತು. ಅದಕ್ಕೇ ಇವತ್ತಿಗೂ ಸೀಟು ಎಣಿಸಿ ಹೇಳಲು ಬರುತ್ತದೆ.

ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಇಂಥ ಜಾತಿಯವರು ಬಸ್ಸಿನಲ್ಲಿ ಇಲ್ಲೇ ಕೂರಬೇಕು ಅನ್ನುವ ಕಾನೂನು ಇರಲಿಲ್ಲ. ಇದ್ದದ್ದು ಕಣ್ಣಸನ್ನೆ, ಗದರಿಕೆ, ಸೀರೆಯ ಸೆರಗು ಹಿಂದಕ್ಕೆ ಎಳೆದುಕೊಳ್ಳುವುದು, ಸೀಟು ಖಾಲಿ ಇದ್ದರೂ ನಿಂತೇ ಹೋಗುವುದು. ಇವು ಯಾವ ಕಾಗದದಲ್ಲೂ ಸಿಗುವುದಿಲ್ಲ. ಹಿರಿಯರ ಮೈಗೆ ಮಾತ್ರ ಗೊತ್ತು. ಕಾಲು ಎಲ್ಲಿ ನಿಂತಿತ್ತು, ಕೈ ಎಷ್ಟು ದೂರ ಚಾಚಬೇಕಿತ್ತು, ಗಂಟು ಎಲ್ಲಿ ಇಟ್ಟರು, ನೀರು ಯಾರು ಹೊಯ್ದರು. ಕೇಳಬೇಕಾದದ್ದು ಇದನ್ನೇ. 'ಆವಾಗ ನಿನಗ ಹ್ಯಾಂಗ ಅನಿಸ್ತು' ಎಂದು ಶುರುಮಾಡಿದರೆ ಎರಡು ನಿಮಿಷದಲ್ಲಿ ಮಾತು ಮುಗಿಯುತ್ತದೆ.

ಯಾರನ್ನು ಕೇಳಬೇಕು, ಯಾವಾಗ

ಲೆಕ್ಕ ಸರಳ. 1955ರಲ್ಲಿ ಹತ್ತು ವರ್ಷದ ಹುಡುಗನಾಗಿದ್ದವನಿಗೆ ಈಗ ಎಂಬತ್ತು ದಾಟಿದೆ. 1970ರ ಆಸುಪಾಸಿನ ನೆನಪು ಬೇಕೆಂದರೂ ಅರವತ್ತೈದು ದಾಟಿದವರೇ ಬೇಕು. ಹಾಗಾಗಿ ಮನೆಯಲ್ಲಿ ಎಲ್ಲರಿಗಿಂತ ಹಿರಿಯರಿಂದ ಶುರುಮಾಡಿ. ಚೆನ್ನಾಗಿ ಮಾತಾಡುವ ಕಾಕಾನನ್ನು ಮೊದಲು ಕೂರಿಸುವ ಆಸೆ ಬೇಡ, ಅವನು ಮುಂದಿನ ವರ್ಷವೂ ಮಾತಾಡುತ್ತಾನೆ.

ಗಂಡಸರನ್ನಷ್ಟೇ ಕೇಳಿ ಬಿಡಬೇಡಿ. ಗಂಡಸರು ಕೂಲಿಗೆ, ಫೌಜಿಗೆ, ಸೊಲ್ಲಾಪುರದ ಗಿರಣಿಗೆ, ಗೋವಾಕ್ಕೆ ಎಂದು ದೂರದ ದಾರಿ ಹೇಳುತ್ತಾರೆ. ತವರು, ಬಾಣಂತನ, ಸವದತ್ತಿ ಎಲ್ಲಮ್ಮನ ಹುಣ್ಣಿಮೆ, ಚಿಂಚಲಿ ಮಾಯಕ್ಕನ ಜಾತ್ರೆ, ಬಾದಾಮಿ ಬನಶಂಕರಿ ತೇರು, ಇವುಗಳ ಬಸ್ ಪ್ರಯಾಣ ಹೆಂಗಸರ ಬಾಯಲ್ಲಿದೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ನಿಂತವಳಿಗೆ ಸೀಟು ಯಾರು ಬಿಟ್ಟರು, ಯಾರು ಬಿಡಲಿಲ್ಲ ಎನ್ನುವುದು ಅವಳಿಗೆ ಮರೆತಿರುವುದಿಲ್ಲ.

ಜೋಳದ ರಾಶಿ, ಕಬ್ಬು ಕಡಿಯುವ ಹಂಗಾಮು, ದ್ರಾಕ್ಷಿ ಕಟಾವು ಇದ್ದಾಗ ಹೋಗಬೇಡಿ, ಮನೆಯಲ್ಲಿ ಯಾರಿಗೂ ಪುರಸೊತ್ತು ಇರುವುದಿಲ್ಲ. ಬೇಸಿಗೆಯಲ್ಲಾದರೆ ಬೆಳಿಗ್ಗೆ ಹತ್ತರೊಳಗೆ ಮುಗಿಸಿ. ಏಪ್ರಿಲ್ 14ರ ಅಂಬೇಡ್ಕರ್ ಜಯಂತಿಯ ಮರುದಿನವೂ ಬೇಡ. ಹಿಂದಿನ ದಿನ ವೇದಿಕೆ ಮೇಲೆ ಕೇಳಿದ ಭಾಷಣವೇ ಬಾಯಿಗೆ ಬರುತ್ತದೆ, ಅವರ ಸ್ವಂತದ ನೆನಪು ಹಿಂದೆ ಸರಿಯುತ್ತದೆ.

ಒಂದು ಸಲಕ್ಕೆ 45 ನಿಮಿಷ ಸಾಕು, ಹೆಚ್ಚೆಂದರೆ ಒಂದು ತಾಸು. ಒಬ್ಬರಿಗೆ ಕನಿಷ್ಠ ಮೂರು ಸಲ ಹೋಗುವ ಲೆಕ್ಕ ಇಟ್ಟುಕೊಳ್ಳಿ. ಮೊದಲ ಸಲ ಅವರು ನಿಮ್ಮನ್ನು ಅಳೆಯುತ್ತಾರೆ. ಎರಡನೆಯ ಸಲ ಮಾತು ಬಿಚ್ಚುತ್ತದೆ. ನಡುವಿನ ರಾತ್ರಿಗಳಲ್ಲಿ ನೆನಪಾದದ್ದು ಮೂರನೆಯ ಸಲ ಬರುತ್ತದೆ, ಬಹಳಷ್ಟು ಮಂದಿಗೆ ಒಳ್ಳೆಯದು ಸಿಗುವುದು ಆಗಲೇ.

ಒಪ್ಪಿಗೆ: ಹೆಬ್ಬೆಟ್ಟು ಬೇಡ

ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಯೋಚನೆ ಇದ್ದರೆ ಬಿಟ್ಟುಬಿಡಿ. ಹೆಬ್ಬೆಟ್ಟು ಒತ್ತಿ ಹೊಲ ಕಳೆದುಕೊಂಡ ಕಥೆ ನಮ್ಮ ಕಡೆ ಪ್ರತಿ ಕೇರಿಯಲ್ಲೂ ಇದೆ. ಕಾಗದ ಕಂಡ ಕೂಡಲೇ ಹಿರಿಯರ ಮುಖ ಬಿಗಿಯುತ್ತದೆ. ಬದಲಿಗೆ ರೆಕಾರ್ಡಿಂಗ್ ಶುರುವಾದ ಮೇಲೆ ಬಾಯಲ್ಲೇ ಕೇಳಿ, ಅವರ ಉತ್ತರವೂ ಅದರಲ್ಲೇ ಇರಲಿ:

'ಆಯಿ, ನೀ ಮಾತಾಡೂದು ಈ ಫೋನಿನ್ಯಾಗ ಹಿಡಕೊಳ್ಳಾಕತ್ತೀನಿ. ಮನಿ ಮಂದಿ ಅಷ್ಟ ಕೇಳಬೇಕೊ, ಹೊರಗಿನವ್ರೂ ಕೇಳಬಹುದೊ? ನಿನ್ನ ಹೆಸರ ಹಾಕಬೇಕೊ, ಬ್ಯಾಡೊ? ಆಮ್ಯಾಲೆ ಬ್ಯಾಡ ಅನಿಸಿದ್ರ ಹೇಳು, ಅಳಿಸಿಬಿಡ್ತೀನಿ.'

ಪ್ರತಿಯೊಂದನ್ನೂ ಬೇರೆ ಬೇರೆಯಾಗಿ ಕೇಳಿ. 'ಹೂಂ, ಏನರ ಮಾಡು' ಎಂಬ ಉತ್ತರ ಒಪ್ಪಿಗೆ ಅಲ್ಲ, ಮೊಮ್ಮಗನ ಮೇಲಿನ ಪ್ರೀತಿ ಅಷ್ಟೆ. ಕೊನೆಯ ಸಲ ಭೇಟಿಯಾದಾಗ ಮತ್ತೆ ಕೇಳಿ, ಆಗ ಏನೇನು ಹೇಳಿದ್ದೇನೆ ಎಂಬುದು ಅವರಿಗೂ ಗೊತ್ತಿರುತ್ತದೆ.

ಫೋನು ಸಾಕು, ಆದರೆ

ಬೇರೆ ಯಂತ್ರ ಬೇಕಾಗಿಲ್ಲ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಇಲ್ಲದಿದ್ದರೆ ಮಾತಿನ ನಡುವೆ ಕರೆ ಬಂದು ರೆಕಾರ್ಡಿಂಗ್ ನಿಲ್ಲುತ್ತದೆ. ಮಾತಾಡುವವರ ಬಾಯಿಂದ ಒಂದು ಮೊಳದೊಳಗೆ, ಮಡಚಿದ ಕೌದಿಯ ಮೇಲೆ ಇಡಿ. ಬರಿ ನೆಲದ ಮೇಲೆ ಇಟ್ಟರೆ ಪಕ್ಕದಲ್ಲಿ ಕೊಡ ಇಟ್ಟ ಸದ್ದೂ ಗುಡುಗಿನಂತೆ ಕೇಳುತ್ತದೆ. ಫ್ಯಾನ್ ಆರಿಸಿ. ತಗಡಿನ ಮನೆಯಲ್ಲಿ ಮಳೆ ಬಂದರೆ ಅವತ್ತಿನ ಕೆಲಸ ಕೈಬಿಡಿ. ಹಿಟ್ಟಿನ ಗಿರಣಿ ಪಕ್ಕದಲ್ಲಿದ್ದರೆ ಅದು ಯಾವಾಗ ನಿಲ್ಲುತ್ತದೆ ಎಂದು ಮೊದಲೇ ವಿಚಾರಿಸಿ.

ದನಿಯನ್ನು ಹಿಂಡದೆ ಇದ್ದಂತೆ ಇಡುವ ವೇವ್ (WAV) ಫಾರ್ಮ್ಯಾಟಿನಲ್ಲಿ, ಒಂದೇ ಚಾನೆಲ್‌ನಲ್ಲಿ ಹಿಡಿದರೆ ತಾಸಿಗೆ ಸುಮಾರು 320 ಎಂಬಿ ಆಗುತ್ತದೆ. ಅಷ್ಟು ಜಾಗ ಇಲ್ಲದಿದ್ದರೆ 128 ಕೆಬಿಪಿಎಸ್‌ಗೆ ಇಳಿಸಿ, ತಾಸಿಗೆ 58 ಎಂಬಿ ಸಾಕು, ಮಾತು ಸ್ಪಷ್ಟವಾಗೇ ಇರುತ್ತದೆ. ವಾಟ್ಸಾಪಿನ ವಾಯ್ಸ್ ಮೆಸೇಜಿನಲ್ಲಿ ಮಾತ್ರ ಹಿಡಿಯಬೇಡಿ, ಅದು ದನಿಯನ್ನು ಹಿಂಡಿ ಹಿಪ್ಪೆ ಮಾಡುತ್ತದೆ. ಮೇ ತಿಂಗಳ ವಿಜಯಪುರದ ಬಿಸಿಲಿಗೆ ಅಂಗಳದಲ್ಲಿಟ್ಟ ಫೋನು ಕಾದು ತಾನೇ ಆಫ್ ಆಗಬಹುದು, ನೆರಳಲ್ಲಿಡಿ. ಮೊದಲ ಎರಡು ನಿಮಿಷ ಹಿಡಿದು, ನಿಲ್ಲಿಸಿ, ಕೇಳಿ ನೋಡಿ, ಆಮೇಲೆ ಮುಂದುವರಿಯಿರಿ.

ವಿಡಿಯೊ ಬೇಡ. ಕ್ಯಾಮೆರಾ ಕಂಡರೆ ಅಜ್ಜ ಪಟಕಾ ಸರಿಮಾಡಿಕೊಂಡು ಶುದ್ಧ ಕನ್ನಡ ಮಾತಾಡಲು ಶುರುಮಾಡುತ್ತಾನೆ.

ಬಸ್ಸನ್ನು ನೆಲದ ಮೇಲೆ ಬರೆಯಿಸಿ

ಈ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚು ಫಲ ಕೊಡುವುದು ಇದು. ಒಂದು ಸುಣ್ಣದ ಕಡ್ಡಿ, ಒಂದು ಹಿಡಿ ಹುಣಸೆ ಬೀಜ, ಒಂದು ಹಿಡಿ ಜೋಳ, ನಾಲ್ಕು ಕಡ್ಡಿಪೆಟ್ಟಿಗೆ ಇಟ್ಟುಕೊಳ್ಳಿ.

ನೆಲದ ಮೇಲೆ ಬಸ್ಸಿನ ಚೌಕಟ್ಟನ್ನು ಅವರೇ ಎಳೆಯಲಿ. ಬಾಗಿಲು ಹಿಂದಿತ್ತೋ ಮುಂದಿತ್ತೋ, ಸೀಟು ಅಡ್ಡಡ್ಡ ಇದ್ದವೋ ಎರಡೂ ಬದಿಗೆ ಉದ್ದ ಬಾಕಿನ ಹಾಗೋ, ಡ್ರೈವರ್ ಪಕ್ಕದಲ್ಲಿ ಸೀಟು ಇತ್ತೋ, ಅದರ ದರ ಬೇರೆಯೋ, ನೀವು ಬಾಯಿ ಹಾಕಬೇಡಿ. ಈಗಿನ ಬಸ್ಸನ್ನು ನೀವೇ ಬರೆದುಕೊಟ್ಟರೆ ಅವರ ಹಳೆಯ ಬಸ್ಸು ಅದರೊಳಗೆ ಕರಗಿಹೋಗುತ್ತದೆ. ಚೌಕಟ್ಟು ಆದ ಮೇಲೆ ಜನರನ್ನು ಇಡಿಸಿ. ಯಾವ ಕಾಳು ಯಾರು ಎಂಬುದನ್ನೂ ಅವರೇ ಆರಿಸಲಿ. ಕಡ್ಡಿಪೆಟ್ಟಿಗೆ ಸಾಮಾನಿನ ಗಂಟಿಗೆ.

ಈಗ ಬಸ್ಸನ್ನು ನಡೆಸಿ. 'ಮುಂದಿನ ಊರು ಬಂತು ಅಜ್ಜಾ. ಗೌಡ್ರ ಮನ್ಯಾವ ಒಬ್ಬ ಹತ್ತಿದ. ಈ ಕಾಳು ಎಲ್ಲಿ ಹೋಗ್ತೈತಿ?' ಮಾತಿನಲ್ಲಿ 'ಹಂಗೇನ ಇರಲಿಲ್ಲ' ಎಂದವರ ಕೈ ಆಗ ತಾನಾಗಿಯೇ ಒಂದು ಬೀಜವನ್ನು ಹಿಂದಕ್ಕೆ ಸರಿಸುವುದುಂಟು. ಸರಿಸಿದ ಮೇಲೆ 'ಇದನ್ನ ಯಾಕ ಸರಿಸಿದಿ?' ಎಂದಷ್ಟೇ ಕೇಳಿ ಸುಮ್ಮನಾಗಿ. ಕೈ ಸರಿಯದಿದ್ದರೆ ಅದೂ ಉತ್ತರವೇ, ಹಾಗೇ ಬರೆದುಕೊಳ್ಳಿ.

ಪ್ರತಿ ಊರು ದಾಟಿದ ಮೇಲೆ ಮೇಲಿಂದ ನೇರವಾಗಿ ಒಂದು ಫೋಟೊ ತೆಗೆಯಿರಿ. ಕೈ ಕಾಣಲಿ, ಮುಖ ಬೇಡ.

ಮನೆಯಿಂದ ಮನೆಯವರೆಗೆ: ಪ್ರಶ್ನೆಗಳು

ಬಸ್ಸಿನೊಳಗಿನದ್ದನ್ನು ಮಾತ್ರ ಕೇಳುವುದು ದೊಡ್ಡ ತಪ್ಪು. ಬಹಳ ಮನೆಗಳಲ್ಲಿ ಬಸ್ಸಿನೊಳಗಿನ ಕಥೆ ಸಣ್ಣದು, ಹತ್ತುವ ಮೊದಲಿನದ್ದು, ಇಳಿದ ಮೇಲಿನದ್ದು ಉದ್ದ. ಅಮೆರಿಕದಲ್ಲೂ ಹೀಗೇ. ದೂರದ ಬಸ್ಸಿನ ಪ್ರಯಾಣಿಕರಿಗೆ ನಿಲ್ದಾಣದ ಹೋಟೆಲಿನಲ್ಲೂ ಭೇದ ಮಾಡಬಾರದು ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿದ್ದು 1960ರಲ್ಲಿ, ರಿಚ್ಮಂಡ್ ನಿಲ್ದಾಣದ ಬಿಳಿಯರ ಹೋಟೆಲಿನಲ್ಲಿ ಕೂತದ್ದಕ್ಕೆ ಬಂಧನವಾಗಿದ್ದ ಒಬ್ಬ ಕಾನೂನು ವಿದ್ಯಾರ್ಥಿಯ ಮೊಕದ್ದಮೆಯಲ್ಲಿ. ಆ ತೀರ್ಪು ನಿಜಕ್ಕೂ ಜಾರಿಯಲ್ಲಿದೆಯೇ ಎಂದು ಪರೀಕ್ಷಿಸಲು 1961ರಲ್ಲಿ ಕಪ್ಪು-ಬಿಳಿ ತರುಣರು ಒಟ್ಟಿಗೆ ಬಸ್ ಹತ್ತಿದರು. ಅಲಬಾಮಾದಲ್ಲಿ ಅವರ ಒಂದು ಬಸ್ಸಿಗೆ ಬೆಂಕಿ ಇಟ್ಟರು. ಜಗಳ ಸೀಟಿನದ್ದಷ್ಟೇ ಆಗಿರಲಿಲ್ಲ, ಕಾಯುವ ಕೋಣೆ, ಕಾಫಿಯ ಕಟ್ಟೆ, ಶೌಚಾಲಯ ಎಲ್ಲವೂ ಅದರೊಳಗಿದ್ದವು.

ಹಾಗಾಗಿ ದಾರಿಯನ್ನು ತುಂಡು ತುಂಡಾಗಿ ಹಿಡಿಯಿರಿ.

ಕೇರಿಯಿಂದ ರಸ್ತೆಗೆ: ಯಾವ ದಾರಿಯಲ್ಲಿ ಬರುತ್ತಿದ್ದರು, ಊರ ನಡುವೆ ಹಾಯ್ದೋ, ಹೊಲದ ಬದುವಿನ ಮೇಲೋ? ದೊಡ್ಡವರ ಮನೆ ಮುಂದೆ ಬಂದಾಗ ಚಪ್ಪಲಿ ಕಾಲಲ್ಲಿತ್ತೋ ಕೈಯಲ್ಲಿತ್ತೋ? ಎಲ್ಲಿ ಮತ್ತೆ ಹಾಕಿಕೊಳ್ಳುತ್ತಿದ್ದರು? 'ಆ ಜಾಗದಾಗ ಈಗ ಏನೈತಿ?' ಎಂದು ಕೇಳಿದರೆ ಗುರುತು ಸಿಗುತ್ತದೆ.

ಬಸ್ಸಿಗೆ ಕಾಯುವಾಗ: ಗಿಡದ ನೆರಳಿದ್ದರೆ ಆ ನೆರಳಲ್ಲಿ ಯಾರು, ಬಿಸಿಲಲ್ಲಿ ಯಾರು? ಕೈ ಮಾಡಿದರೆ ಬಸ್ ನಿಲ್ಲುತ್ತಿತ್ತೋ, ಊರೊಳಗಿನವರು ಇದ್ದಾಗ ಮಾತ್ರ ನಿಲ್ಲುತ್ತಿತ್ತೋ?

ಹತ್ತುವಾಗ: ಮೊದಲು ಯಾರು, ಕೊನೆಗೆ ಯಾರು? ಟಾಪಿನ ಮೇಲೆ ಜನ ಕೂರುತ್ತಿದ್ದರೆ ಯಾರು ಕೂರುತ್ತಿದ್ದರು? ಬುಟ್ಟಿ, ಕೋಳಿ, ಹಸಿ ತೊಗಲಿನ ಕಟ್ಟು ಇದ್ದರೆ ಕಂಡಕ್ಟರ್ ಏನನ್ನುತ್ತಿದ್ದ? ಸಾಮಾನಿನ ಮೇಲೆ ಹೇರಿದ ಮಾತು ಬಹಳ ಸಲ ಮನುಷ್ಯನ ಮೇಲಿನದ್ದೇ ಆಗಿರುತ್ತದೆ.

ಟಿಕೆಟ್: ಇಲ್ಲಿ ಕೈ ಬಗ್ಗೆ ಕೇಳಿ. 'ರೊಕ್ಕ ಅಂವನ ಕೈಯಾಗ ಕೊಡ್ತಿದ್ದಿ, ಇಲ್ಲಾ ಎಲ್ಲೆರ ಇಡ್ತಿದ್ದಿ? ಚಿಲ್ಲರೆ ಹ್ಯಾಂಗ ಕೊಡ್ತಿದ್ದ?' ಮೇಲಿಂದ ಬಿಡುತ್ತಿದ್ದರೆ ಎಷ್ಟು ಎತ್ತರದಿಂದ, ಗೇಣೋ ಮೊಳವೋ, ಕೈಯಲ್ಲೇ ತೋರಿಸಲಿ. ತೋರಿಸಿದ್ದನ್ನು ನೀವು ಬಾಯಿಬಿಟ್ಟು ಹೇಳಿ: 'ಒಂದು ಗೇಣು ಮ್ಯಾಲಿಂದ, ಹೌದಿಲ್ಲ?' ಇಲ್ಲದಿದ್ದರೆ ರೆಕಾರ್ಡಿಂಗಿನಲ್ಲಿ 'ಇಷ್ಟ ಮ್ಯಾಲಿಂದ' ಎಂದಷ್ಟೇ ಉಳಿಯುತ್ತದೆ, ಹತ್ತು ವರ್ಷದ ಮೇಲೆ ಅದು ಎಷ್ಟು ಎಂದು ಯಾರಿಗೂ ಗೊತ್ತಾಗುವುದಿಲ್ಲ.

ಕೂತ ಮೇಲೆ: ಬಗಲಲ್ಲಿ ಯಾರು ಬಂದು ಕೂರುತ್ತಿದ್ದರು? ಯಾರಾದರೂ ಎದ್ದು ಹೋದದ್ದು ಉಂಟೇ? 'ಯಾವೂರು, ಯಾರ ಪೈಕಿ?' ಎಂದು ಕೇಳುತ್ತಿದ್ದರೇ, ಕೇಳಿದರೆ ಏನು ಹೇಳುತ್ತಿದ್ದರು? ಈ ಕೊನೆಯ ಪ್ರಶ್ನೆಗೆ ಸುಳ್ಳು ಹೇಳಿ ಪಾರಾದ ಕಥೆಗಳೇ ಹೆಚ್ಚು. ಮನೆಯ ಹೆಸರು ಬದಲಿಸಿ ಹೇಳಿದ್ದು, ಬೇರೆ ಊರಿನ ಹೆಸರು ಹೇಳಿದ್ದು, ನಿದ್ದೆ ಬಂದವರ ಹಾಗೆ ಕಣ್ಣು ಮುಚ್ಚಿದ್ದು. ಬರುವ ಮಾತು ನಗೆಯೊಂದಿಗೆ ಬರಬಹುದು, ನಡುವೆ ತಡೆಯಬೇಡಿ.

ಫೌಜಿನಲ್ಲಿದ್ದ ಮನೆಯಾದರೆ ಬೇರೊಂದು ಪ್ರಶ್ನೆ ಸೇರಿಸಿ. ಅಸ್ಪೃಶ್ಯರೆಂದು ದೂರ ಇಟ್ಟಿದ್ದ ಮಹಾರ್ ಜನರ ಹೆಸರಿನ ರೆಜಿಮೆಂಟಿನ ಮೊದಲ ಪಡೆ ಕಟ್ಟಿದ್ದು ಬೆಳಗಾವಿಯಲ್ಲೇ, 1941ರಲ್ಲಿ. ರಜೆಗೆ ಬಂದ ಸಿಪಾಯಿ ಯೂನಿಫಾರ್ಮಿನಲ್ಲಿ ಬಸ್ ಹತ್ತಿದಾಗ ಎಲ್ಲಿ ಕೂರುತ್ತಿದ್ದ, ಊರ ಹತ್ತಿರ ಬಂದಂತೆ ಜಾಗ ಬದಲಾಗುತ್ತಿತ್ತೇ, ಧೋತರ ಉಟ್ಟು ಹೋದಾಗ ಹೇಗಿತ್ತು? ಒಬ್ಬನೇ ಮನುಷ್ಯನ ಎರಡು ಪ್ರಯಾಣ ಪಕ್ಕಪಕ್ಕ ಇಟ್ಟರೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಸ್ಟ್ಯಾಂಡಿನಲ್ಲಿ: ಬಸ್ ಬದಲಿಸುವ ಊರು ಯಾವುದು, ಗೋಕಾಕವೋ, ಸಂಕೇಶ್ವರವೋ, ಲೋಕಾಪುರವೋ, ಜಮಖಂಡಿಯೋ? ಅಲ್ಲಿ ನೀರು ಎಲ್ಲಿ? ತಾವೇ ತುಂಬಿಕೊಳ್ಳುತ್ತಿದ್ದರೋ, ಯಾರಾದರೂ ಎತ್ತಿ ಹೊಯ್ಯುತ್ತಿದ್ದರೋ? ಚಹಾದಂಗಡಿಯಲ್ಲಿ ಕಪ್ಪು-ಬಸಿ ಬೇರೆ ಇದ್ದರೆ ಎಲ್ಲಿಡುತ್ತಿದ್ದರು, ಗೋಡೆಯ ಗೂಡಿನಲ್ಲೋ, ಮಾಡಿನ ಎಳೆಗೆ ಸಿಕ್ಕಿಸಿಯೋ? ಕುಡಿದ ಮೇಲೆ ತೊಳೆದಿಡುವವರು ಯಾರು? ಖಾನಾವಳಿಯಲ್ಲಿ ಒಳಗೆ ಕೂತು ಉಣ್ಣಬಹುದಿತ್ತೇ? ಮನೆಯಿಂದ ರೊಟ್ಟಿ ಕಟ್ಟಿಕೊಂಡು ಹೋಗುತ್ತಿದ್ದರು ಎಂದರೆ ಬಡತನಕ್ಕೋ, ಬೇರೆ ಕಾರಣಕ್ಕೋ ಎಂದು ಬಿಡಿಸಿ ಕೇಳಿ. ಎರಡೂ ಇರಬಹುದು.

ನೀರಿನ ಪ್ರಶ್ನೆಯನ್ನು ಎಂದೂ ಬಿಡಬೇಡಿ. 1901ರಲ್ಲಿ ಹುಡುಗ ಅಂಬೇಡ್ಕರ್ ಅಣ್ಣ ಮೊದಲಾದವರ ಜೊತೆ ಸಾತಾರಾ ಕಡೆಯ ಮಸೂರ ಸ್ಟೇಷನ್ನಿನಲ್ಲಿ ಇಳಿದಾಗ ಜಾತಿ ಗೊತ್ತಾದ ಮೇಲೆ ಚಕ್ಕಡಿಯವರು ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆ ಕೊಟ್ಟು, ಚಕ್ಕಡಿಯನ್ನು ಹುಡುಗರೇ ಹೊಡೆದುಕೊಂಡು ಹೋದರು. ಕೈಯಲ್ಲಿ ಬುತ್ತಿ ಇತ್ತು, ಕುಡಿಯಲು ನೀರು ಸಿಗದೆ ಹಸಿದೇ ಮಲಗಿದರು. ಚಕ್ಕಡಿ ಸಿಕ್ಕ ಮೇಲೂ ನೀರು ಸಿಗಲಿಲ್ಲ. ಬಸ್ಸಿನ ಕಾಲದಲ್ಲೂ ಇದನ್ನೇ ನೋಡಬೇಕು, ಗಾಡಿ ಸಿಕ್ಕವರಿಗೆಲ್ಲ ನೀರು ಸಿಕ್ಕಿತೇ?

ಇಸವಿ ಹಿಡಿಯುವುದು

'ಯಾವ ಇಸವಿ?' ಎಂದು ಕೇಳಬೇಡಿ, ಬಾಯಿಗೆ ಬಂದ ಒಂದು ಸಂಖ್ಯೆ ಹೇಳುತ್ತಾರೆ. ಶಾಲೆಯ ದಾಖಲೆಯ ಹುಟ್ಟಿದ ದಿನವನ್ನೂ ನಂಬಬೇಡಿ. ಜೂನ್ 1 ಎಂದಿದ್ದರೆ ಅದು ಹೆಸರು ಹಚ್ಚುವಾಗ ಮಾಸ್ತರರು ಹಾಕಿದ ತಾರೀಖು ಆಗಿರುವ ಸಂಭವವೇ ಹೆಚ್ಚು.

ಟಿಕೆಟಿನ ದರ ಒಳ್ಳೆಯ ಸುಳಿವು, ಆದರೆ ಅದರಲ್ಲೊಂದು ಗುಂಡಿ ಇದೆ. ನಯೇ ಪೈಸೆ ಬಂದದ್ದು 1957ರ ಏಪ್ರಿಲ್ 1ಕ್ಕೆ. ಆಮೇಲೂ ಎಷ್ಟೋ ದಶಕ ಜನ 25 ಪೈಸೆಗೆ ನಾಲ್ಕಾಣೆ, 50 ಪೈಸೆಗೆ ಎಂಟಾಣೆ ಎಂದೇ ಹೇಳುತ್ತಿದ್ದರು. ಹಾಗಾಗಿ 'ಎಂಟಾಣೆ ಟಿಕೆಟ್ಟು' ಎಂದರೆ 1950 ಇರಬಹುದು, 1975 ಕೂಡ ಇರಬಹುದು. 'ಮೂರಾಣೆ', 'ಐದಾಣೆ', 'ಏಳಾಣೆ' ಎಂದರೆ ಮಾತ್ರ ಅದು ಹಳೆಯ ನಾಣ್ಯದ ಕಾಲ, ಇಲ್ಲವೇ ಎರಡೂ ನಾಣ್ಯ ಒಟ್ಟಿಗೆ ನಡೆಯುತ್ತಿದ್ದ ಮುಂದಿನ ಕೆಲವು ವರ್ಷ.

ಊರಿಗೆಲ್ಲ ಗೊತ್ತಿರುವ ಘಟನೆಗೆ ಗಂಟು ಹಾಕಿ. 1956ರ ಡಿಸೆಂಬರ್ 6, ಬಾಬಾಸಾಹೇಬರು ತೀರಿಕೊಂಡ ಸುದ್ದಿ ಕೇರಿಗೆ ಬಂದದ್ದು. 1967ರ ಡಿಸೆಂಬರ್ 11ರ ನಸುಕಿನ ಕೊಯ್ನಾ ಭೂಕಂಪ, ಬೆಳಗಾವಿ ಕಡೆ ಪಾತ್ರೆ ಉರುಳಿದ್ದನ್ನು ಹಿರಿಯರು ಮರೆತಿಲ್ಲ. 1972ರ ಬರ, ವಿಜಯಪುರ-ಬಾಗಲಕೋಟೆಯವರಿಗೆ ಇದಕ್ಕಿಂತ ಗಟ್ಟಿ ಗುರುತಿಲ್ಲ. 'ಬರಗಾಲಕ್ಕಿಂತ ಮೊದಲೋ ಆಮೇಲೋ, ಮದಿವಿ ಆಗಿತ್ತೋ ಇಲ್ಲೋ' ಎಂದು ಎರಡು ಕಡೆಯಿಂದ ಒತ್ತರಿಸಿಕೊಂಡು ಬಂದರೆ ಮೂರು-ನಾಲ್ಕು ವರ್ಷದ ಅಂದಾಜಿಗೆ ಬರಬಹುದು. ಅಷ್ಟು ಸಾಕು.

ಊರು ಯಾರ ಆಳ್ವಿಕೆಯಲ್ಲಿತ್ತು ಎಂಬುದೂ ಬೇಕು. ಬೆಳಗಾವಿ, ವಿಜಯಪುರ 1956ರ ನವೆಂಬರ್ 1ರ ತನಕ ಮುಂಬೈಗೆ ಸೇರಿದ್ದವು. ಸ್ವಾತಂತ್ರ್ಯ ಬರುವ ತನಕ ಜಮಖಂಡಿ, ಮುಧೋಳ, ರಾಮದುರ್ಗ ಬೇರೆ ಬೇರೆ ಸಂಸ್ಥಾನ, ರಾಯಬಾಗ ಕೊಲ್ಹಾಪುರದ್ದು. ಎರಡು ಹರದಾರಿ ದೂರದ ಊರುಗಳಲ್ಲಿ ರೂಢಿ ಬೇರೆ ಇತ್ತು ಎಂದು ಹಿರಿಯರು ಹೇಳಿದರೆ ಮರವು ಎಂದು ತಳ್ಳಿಹಾಕಬೇಡಿ. ಬಾಗಲಕೋಟೆ ಸ್ವತಂತ್ರ ಜಿಲ್ಲೆಯಾದದ್ದು 1997ರಲ್ಲಿ, ಅದಕ್ಕೆ ಮೊದಲಿನ ಕಾಗದಪತ್ರ ಬೇಕಾದರೆ ಬಿಜಾಪುರದ ಹೆಸರಿನಲ್ಲಿ ಹುಡುಕಬೇಕು. ಆಲಮಟ್ಟಿ ಹಿನ್ನೀರಿಗೆ ಸರಿದ ಊರುಗಳಲ್ಲಿ ಹಳೆಯ ಬಸ್ ನಿಲ್ದಾಣ ನೀರೊಳಗಿದೆ, ಹಳೆ ಊರಿನ ನಕ್ಷೆಯನ್ನೂ ನೆಲದ ಮೇಲೆ ಬರೆಯಿಸಿಕೊಳ್ಳಿ.

ಬಸ್ಸನ್ನು ಏನೆಂದು ಕರೆಯುತ್ತಾರೆ ನೋಡಿ. 'ಮೋಟಾರು', 'ಸರ್ವೀಸ್ ಗಾಡಿ' ಎಂದರೆ ಬಹುಮಟ್ಟಿಗೆ ಖಾಸಗಿ ಮಾಲಿಕರ ಕಾಲ. 'ಎಸ್‌ಟಿ' ಎಂದರೆ 1948ರಲ್ಲಿ ಮುಂಬೈ ಸರ್ಕಾರ ಸ್ಟೇಟ್ ಟ್ರಾನ್ಸ್‌ಪೋರ್ಟ್ ಎಂಬ ತನ್ನದೇ ಬಸ್ ಶುರುಮಾಡಿದ ನಂತರದ್ದು. ಆದರೆ ನಿಪ್ಪಾಣಿ, ಚಿಕ್ಕೋಡಿ, ಇಂಡಿ ಕಡೆ ಮಹಾರಾಷ್ಟ್ರದ ಎಸ್‌ಟಿ ಇವತ್ತಿಗೂ ಬರುತ್ತದೆ, ಅಲ್ಲಿ ಈ ಸುಳಿವು ನಡೆಯುವುದಿಲ್ಲ. ಬರೆದಿಡುವಾಗ 'ಎಸ್‌ಟಿ ಬಸ್ಸು' ಎಂದು ಪೂರ್ತಿ ಬರೆಯಿರಿ. ಬರಿ 'ಎಸ್‌ಟಿ' ಎಂದರೆ ಮುಂದೆ ಓದುವವರು ಪರಿಶಿಷ್ಟ ಪಂಗಡ ಎಂದು ತಿಳಿಯುತ್ತಾರೆ. ಇಂಥದೇ ಇನ್ನೊಂದು ಗೊಂದಲ 'ರಿಸರ್ವ್ ಸೀಟು'. ಇದನ್ನು ನೀವು ಬಾಯಿಗೆ ತಂದರೆ ಮಾತು ಹೆಣ್ಣುಮಕ್ಕಳ ಸೀಟಿಗೋ ನೌಕರಿಯ ಮೀಸಲಾತಿಗೋ ಹೊರಳುತ್ತದೆ.

ಕಾನೂನಿನ ಎರಡು ತಾರೀಖು ಕೈಯಲ್ಲಿರಲಿ. ಅಸ್ಪೃಶ್ಯತೆ ಅಪರಾಧಗಳ ಕಾಯ್ದೆ 1955ರ ಜೂನ್ 1ಕ್ಕೆ ಜಾರಿಗೆ ಬಂತು. ಹೋಟೆಲು, ಬಾವಿ, ರಸ್ತೆಯ ಜೊತೆಗೆ ಸಾರ್ವಜನಿಕ ವಾಹನದಲ್ಲೂ ಅಡ್ಡಿ ಮಾಡಬಾರದು ಎಂದು ಅದರ 4ನೇ ಕಲಮು ಹೇಳುತ್ತದೆ. ಕಪ್ಪು ಹೆಣ್ಣುಮಗಳು ರೋಸಾ ಪಾರ್ಕ್ಸ್ ಮಾಂಟ್ಗೊಮರಿಯಲ್ಲಿ ಬಿಳಿಯನಿಗೆ ಸೀಟು ಬಿಡದೆ ಬಂಧನಕ್ಕೊಳಗಾದದ್ದು ಅದೇ ವರ್ಷದ ಡಿಸೆಂಬರ್ 1ಕ್ಕೆ, ಸರಿಯಾಗಿ ಆರು ತಿಂಗಳ ಮೇಲೆ. ಅಂದರೆ ಅಲ್ಲಿ ಕಾನೂನೇ ಬಸ್ಸಿನಲ್ಲಿ ಗೆರೆ ಎಳೆಯುತ್ತಿದ್ದ ಹೊತ್ತಿಗೆ ಇಲ್ಲಿ ಕಾನೂನು ಗೆರೆ ಅಳಿಸಿಯಾಗಿತ್ತು, ಕಾಗದದ ಮೇಲೆ. 1976ರಲ್ಲಿ ಇದೇ ಕಾಯ್ದೆ ಬಿಗಿಯಾಗಿ, ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂಬ ಹೆಸರು ಪಡೆಯಿತು. ನಿಮ್ಮ ಹಿರಿಯರು ಹೇಳುವ ಘಟನೆ ಈ ಎರಡು ತಾರೀಖಿನ ಯಾವ ಬದಿಗೆ ಬೀಳುತ್ತದೆ ಎಂಬುದನ್ನು ಅಂಚಿನಲ್ಲಿ ಬರೆಯಿರಿ.

'ಹಂಗೇನ ಇರಲಿಲ್ಲ ಬಿಡು'

ಹತ್ತರಲ್ಲಿ ಬಹುಪಾಲು ಮಂದಿ ಮೊದಲಿಗೆ ಹೇಳುವುದು ಇದನ್ನೇ. ಕಾರಣಗಳು ಹಲವು. ಸೊಸೆ ಒಳಗಿಂದ ಕೇಳುತ್ತಿದ್ದಾಳೆ. ನೌಕರಿಯಲ್ಲಿರುವ ಮಗನಿಗೆ ಈ ಮಾತು ಬೇಡ. ಊರೊಳಗಿನ ಯಾರೋ ಕಟ್ಟೆಯ ಮೇಲೆ ಕೂತಿದ್ದಾರೆ. ಅಥವಾ, ಇದು ನೆನಪಿರಲಿ, ಅವರ ಮಟ್ಟಿಗೆ ನಿಜಕ್ಕೂ ಹಾಗೇನೂ ಇರಲಿಲ್ಲ. ಟಿಕೆಟು ಕೊಂಡವರೆಲ್ಲ ಒಂದೇ ಸೀಟಿನಲ್ಲಿ ಒತ್ತಿ ಕೂರುವ ಬಸ್ಸು ಅವರ ಜೀವನದಲ್ಲಿ ಊರಿಗಿಂತ ಸಡಿಲವಾದ ಮೊದಲ ಜಾಗ ಆಗಿರಬಹುದು. ಅದನ್ನೂ ಅಷ್ಟೇ ಶ್ರದ್ಧೆಯಿಂದ ಬರೆದುಕೊಳ್ಳಿ. ನೋವಿನ ಕಥೆ ಸಿಗಲಿಲ್ಲ ಎಂದು ಕೆದಕುವವರು ಒಳ್ಳೆಯ ಕೇಳುಗರಲ್ಲ.

ಉತ್ತರವನ್ನು ಬಾಯಿಗೆ ತುರುಕಬೇಡಿ. 'ನಿಮ್ಮನ್ನ ಹಿಂದ ಕೂಡಿಸ್ತಿದ್ರಲ್ಲ?' ಎಂದರೆ 'ಹೌದು' ಎನ್ನುತ್ತಾರೆ, ಅದು ನಿಮ್ಮ ಮಾತೇ ಹೊರತು ಅವರದ್ದಲ್ಲ. ಪ್ರತಿ ಸಂಗತಿಗೂ ಮೂರು ಗುರುತಿನಲ್ಲಿ ಒಂದನ್ನು ಹಚ್ಚಿ: ಆದದ್ದು, ಕಂಡದ್ದು, ಕೇಳಿದ್ದು. 1925ರಲ್ಲಿ ನಿಪ್ಪಾಣಿಯಲ್ಲಿ ಅಂಬೇಡ್ಕರ್ ಅಧ್ಯಕ್ಷತೆಯ ಸಮ್ಮೇಳನಕ್ಕೆ ಹೋದ ಪ್ರಯಾಣವನ್ನು ಎಂಬತ್ತರ ಅಜ್ಜ ಕಣ್ಣಿಗೆ ಕಟ್ಟಿದಂತೆ ಹೇಳಬಹುದು. ಅದು ಅವನ ಅಪ್ಪನ ನೆನಪು. ಸುಳ್ಳಲ್ಲ, 'ಕೇಳಿದ್ದು' ಅಷ್ಟೆ. 'ಯಾರು ಹೇಳಿದ್ರು, ಎಲ್ಲಿ ಕುಂತು ಹೇಳಿದ್ರು' ಎಂದು ಕೇಳಿ ಅದನ್ನೂ ಸೇರಿಸಿ.

ಮಗ ಅಥವಾ ಮಗಳು ನಡುವೆ ಬಾಯಿ ಹಾಕಿ ಅಪ್ಪನ ಪರವಾಗಿ ಉತ್ತರ ಕೊಡುತ್ತಿದ್ದರೆ ಅವರಿಗೆ ಬೇರೆ ದಿನ ಕೊಡಿ. ಮೌನ ಬಂದರೆ ಮನಸ್ಸಿನಲ್ಲೇ ಇಪ್ಪತ್ತರ ತನಕ ಎಣಿಸಿ, ಆಮೇಲೆ ಮುಂದಿನ ಪ್ರಶ್ನೆ. ಅಳು ಬಂದರೆ ಫೋನು ನಿಲ್ಲಿಸಿ, ನೀರು ಕೊಡಿ, ಅವರೇ 'ಹಚ್ಚು' ಎನ್ನುವ ತನಕ ಮತ್ತೆ ಹಚ್ಚಬೇಡಿ.

ನೀವು ಊರೊಳಗಿನ ಮನೆಯವರಾದರೆ

ಕೇರಿಗೆ ಹೋಗುವ ಮೊದಲು ನಿಮ್ಮ ಮನೆಯಲ್ಲೇ ಕೂತು ಕೇಳಿ. ಬೇರೆಯವರಿಗೆ ಆದದ್ದನ್ನು ಬರೆಯುವುದು ಸುಲಭ, ತಮ್ಮ ಮನೆಯವರು ಮಾಡಿದ್ದನ್ನು ಬರೆಯುವವರು ಕಡಿಮೆ. 'ನಾವು ಎಲ್ಲಾರನ್ನೂ ಸಮ ನೋಡ್ತಿದ್ವಿ' ಎಂಬ ಉತ್ತರ ಸಿದ್ಧವಾಗಿಯೇ ಇರುತ್ತದೆ. ಅದರ ಜೊತೆ ವಾದ ಬೇಡ. ವಸ್ತುವಿನ ಬಗ್ಗೆ ಕೇಳಿ: ಬಸ್ಸಿನಿಂದ ಬಂದ ಮೇಲೆ ಮೈಮೇಲೆ ನೀರು ಹಾಕಿಕೊಂಡೇ ಒಳಗೆ ಬರುತ್ತಿದ್ದರೇ? ಪ್ರಯಾಣದ ಸೀರೆಯನ್ನು ಬೇರೆ ಇಡುತ್ತಿದ್ದರೇ? ದಾರಿಯಲ್ಲಿ ಬುತ್ತಿ ಬಿಚ್ಚುತ್ತಿದ್ದರೇ, ಬಿಚ್ಚದಿದ್ದರೆ ಯಾಕೆ? ಮನೆಗೆ ಅಂಗಡಿಯೋ ಖಾನಾವಳಿಯೋ ಇದ್ದರೆ ಕಪ್ಪುಗಳನ್ನು ಎಲ್ಲೆಲ್ಲಿ ಇಡುತ್ತಿದ್ದರು? ಆಯಿಯ ಬಾಯಿಂದ ಬರುವ 'ಬಸ್ಸಿನ ಮೈಲಿಗಿ' ಎಂಬ ಒಂದು ಮಾತು ಹತ್ತು ಪ್ರಶ್ನೆಗೆ ಉತ್ತರ ಆಗುತ್ತದೆ.

ಕೇರಿಯ ಹಿರಿಯರನ್ನು ಕೇಳಲು ಹೋದಾಗ ಅಲ್ಲಿನ ತರುಣರೊಬ್ಬರು ಪ್ರಶ್ನೆ ಕೇಳಲಿ, ನೀವು ಫೋನು ನೋಡಿಕೊಳ್ಳಿ. ನಿಮ್ಮ ಎದುರು ಮಾತು ಮೆತ್ತಗಾಗುವುದು ಸಹಜ. ಕೊಟ್ಟ ಚಹಾ ಕುಡಿಯಿರಿ, ಅದು ಹೇಳಿಕೊಡಬೇಕಾದ ಮಾತಲ್ಲ, ಆದರೂ ಹೇಳಬೇಕಾಗುತ್ತದೆ. ಅವರನ್ನು 'ನೀವು, ರೀ' ಎಂದೇ ಮಾತಾಡಿಸಿ. ನಿಮ್ಮ ಅಜ್ಜ ಅವರನ್ನು ಹೇಗೆ ಕೂಗುತ್ತಿದ್ದ ಎಂಬುದು ಅವರಿಗೆ ಗೊತ್ತಿದೆ.

ಅಕ್ಷರಕ್ಕೆ ಇಳಿಸಿ, ಕಾದಿಡುವುದು

ಒಂದು ತಾಸಿನ ಮಾತು ಬರೆಯಲು ಐದರಿಂದ ಎಂಟು ತಾಸು ಬೇಕು. ಫೋನಿನ ಕನ್ನಡ ವಾಯ್ಸ್ ಟೈಪಿಂಗ್ ನಮ್ಮ ಕಡೆಯ ಮಾತಿಗೆ ಎಡವುತ್ತದೆ, ಅದರ ಮೇಲೆ ಭಾರ ಹಾಕಬೇಡಿ. 'ಕುಂಡ್ರಸ್ತಿರಲಿಲ್ಲ' ಎಂದದ್ದನ್ನು 'ಕುಳ್ಳಿರಿಸುತ್ತಿರಲಿಲ್ಲ' ಎಂದು ತಿದ್ದಬೇಡಿ. ಮರಾಠಿ, ಉರ್ದು ಮಾತು ಬಂದರೆ ಹಾಗೇ ಇರಲಿ. ಪ್ರತಿ ಎರಡು ನಿಮಿಷಕ್ಕೊಮ್ಮೆ ಅಂಚಿನಲ್ಲಿ ಸಮಯ ಹಾಕಿ, ನಗು, ನಿಟ್ಟುಸಿರು, ಉದ್ದ ಮೌನ ಎಲ್ಲವನ್ನೂ ಗುರುತಿಸಿ.

ಎರಡು ಪ್ರತಿ ಮಾಡಿ. ಮೊದಲನೆಯದರಲ್ಲಿ ಎಲ್ಲ ಹೆಸರು, ಬೈಗುಳ, ಜಾತಿಯ ಹೆಸರು ಆಡಿದಂತೆಯೇ ಇರಲಿ, ಅದು ಮನೆಯಲ್ಲಿ ಬೀಗದೊಳಗೆ. ಎರಡನೆಯದರಲ್ಲಿ ಬೈದವರ, ಸೀಟಿನಿಂದ ಎಬ್ಬಿಸಿದವರ ಹೆಸರಿನ ಬದಲು 'ಊರಿನ ಒಬ್ಬ ಜಮೀನುದಾರ', 'ಒಬ್ಬ ಕಂಡಕ್ಟರ್' ಎಂದು ಹಾಕಿ. ಅವರ ಮೊಮ್ಮಕ್ಕಳು ಅದೇ ಊರಿನಲ್ಲಿ ಇದ್ದಾರೆ, ನಿಮ್ಮ ಅಜ್ಜನೂ ನಾಳೆ ಅದೇ ರಸ್ತೆಯಲ್ಲಿ ನಡೆಯಬೇಕು. ಹೊರಗೆ ಹೋಗಬಹುದಾದದ್ದು ಈ ಎರಡನೆಯ ಪ್ರತಿ ಮಾತ್ರ. ಮೂವತ್ತು ಸೆಕೆಂಡಿನ ತುಣುಕು ಕತ್ತರಿಸಿ ಊರಿನ ವಾಟ್ಸಾಪ್ ಗುಂಪಿಗೆ ಹಾಕಿದರೆ ಹಿಂದಿನ ಮಾತು ಮುಂದಿನ ಮಾತು ಬಿಟ್ಟುಹೋಗಿ, ಸಂಜೆಯೊಳಗೆ ಕಟ್ಟೆಯ ಮೇಲೆ ಜಗಳ ಏಳುತ್ತದೆ. ಬೇಡ.

ಧ್ವನಿಯ ಮೂರು ಪ್ರತಿ ಇರಲಿ: ಒಂದು ಹಾರ್ಡ್ ಡಿಸ್ಕಿನಲ್ಲಿ, ಒಂದು ಇಂಟರ್ನೆಟ್ಟಿನ ಖಾತೆಯಲ್ಲಿ, ಒಂದು ಬೇರೆ ಊರಿನ ನೆಂಟರ ಹತ್ತಿರ ಪೆನ್ ಡ್ರೈವಿನಲ್ಲಿ. ಪೆನ್ ಡ್ರೈವ್ ಒಂದನ್ನೇ ನಂಬಿದರೆ ನಾಲ್ಕೈದು ವರ್ಷಕ್ಕೆ ಅದು ಕೈಕೊಟ್ಟೀತು. ಫೈಲಿಗೆ ತಾರೀಖನ್ನೇ ಹೆಸರಾಗಿಡಿ, ವರ್ಷ ಮೊದಲು: 20260118-01, 20260118-02. ಯಾರ ಮಾತು, ಯಾವ ಊರು, ಏನು ಒಪ್ಪಿಗೆ ಎಂಬುದನ್ನು ಒಂದು ನೋಟುಬುಕ್ಕಿನಲ್ಲಿ ಅದೇ ಸಂಖ್ಯೆಯ ಎದುರು ಬರೆಯಿರಿ.

ಬರೆದದ್ದನ್ನು ಅವರಿಗೆ ಓದಿ ಹೇಳಿ. ಓದುವಾಗಲೂ ಫೋನು ಹಚ್ಚಿರಿ. 'ಅದು ಮುಂದಿನ ಸೀಟಲ್ಲೋ, ಬಾಗಲ ಹಂತೇಲಿಂದು' ಎಂದು ಅವರು ತಿದ್ದಿದರೆ ಮೊದಲಿನದ್ದನ್ನು ಅಳಿಸಬೇಡಿ. ತಿದ್ದಿದ್ದನ್ನು ಅದರ ಕೆಳಗೆ ಅವತ್ತಿನ ತಾರೀಖು ಹಾಕಿ ಬರೆಯಿರಿ. ಕೊನೆಗೆ ದಪ್ಪ ಅಕ್ಷರದಲ್ಲಿ ಒಂದು ಪ್ರತಿ ಅಚ್ಚು ಮಾಡಿಸಿ, ನೆಲದ ಮೇಲೆ ಅವರೇ ಎಳೆದ ಬಸ್ಸಿನ ಫೋಟೊವನ್ನು ಮೊದಲ ಪುಟಕ್ಕೆ ಅಂಟಿಸಿ, ಅವರ ಟ್ರಂಕಿನಲ್ಲಿ ಇಡಲು ಕೊಡಿ.